ಯುರೋಪಿನ ಸಿಂಹಾಸನಗಳ ಮೇಲೆಲ್ಲ ಜರ್ಮನ್ ಮನೆತನದವರೇ ಕೂತಿದ್ದು ಹೇಗೆ?

ಪ್ರಶ್ನೆ: ಮೊದಲ ಮಹಾಯುದ್ಧದ ಬಗ್ಗೆ ಓದುತ್ತಿದ್ದೇನೆ. ಇಂಗ್ಲೆಂಡ್, ಬೆಲ್ಜಿಯಂ, ರೊಮೇನಿಯಾ, ಬಲ್ಗೇರಿಯಾ, ಗ್ರೀಸ್, ಯಾವ ದೇಶದ ರಾಜನ ವಂಶಾವಳಿ ತೆಗೆದರೂ ಕೊನೆಗೆ ಜರ್ಮನಿಗೇ ಹೋಗಿ ಮುಟ್ಟುತ್ತದೆ. ಈ ದೇಶಗಳನ್ನೆಲ್ಲ ಜರ್ಮನಿ ಯಾವತ್ತಾದರೂ ಗೆದ್ದಿತ್ತಾ? ಇಷ್ಟು ಹತ್ತಿರದ ನೆಂಟಸ್ತಿಕೆ ಇದ್ದರೂ ಯುದ್ಧ ಯಾಕೆ ನಿಲ್ಲಲಿಲ್ಲ?

ಉತ್ತರ: ಗೆದ್ದಿರಲಿಲ್ಲ. ಅಷ್ಟೇ ಅಲ್ಲ, ಬಲ್ಗೇರಿಯಾ ಒಂದನ್ನು ಬಿಟ್ಟರೆ, ಈ ಮನೆತನಗಳು ಸಿಂಹಾಸನ ಹತ್ತುವ ಕಾಲಕ್ಕೆ ಜರ್ಮನಿ ಅನ್ನೋ ಒಂದು ದೇಶವೇ ಇರಲಿಲ್ಲ. ಅದು ಹುಟ್ಟಿದ್ದು 1871ರಲ್ಲಿ. ಬೆಲ್ಜಿಯಂಗೆ ಕೊಬುರ್ಗ್ ಮನೆತನದ ರಾಜ ಬಂದಿದ್ದು 1831ರಲ್ಲಿ, ಇಂಗ್ಲೆಂಡಿಗೆ ಹ್ಯಾನೋವರ್‌ನವನು ಬಂದಿದ್ದು 1714ರಲ್ಲಿ. ಇವರು ಯಾರೂ ಬಲದಿಂದ ಬಂದವರಲ್ಲ. ನನ್ನ ಪ್ರಕಾರ ಇವರಿಗೆ ಸಿಂಹಾಸನ ಸಿಕ್ಕಿದ್ದೇ ಬಲ ಇಲ್ಲದ ಕಾರಣಕ್ಕೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಎರಡನೇ ಪ್ರಶ್ನೆಯ ಉತ್ತರವೂ ಇದರೊಳಗೇ ಇದೆ.

18ನೇ ಶತಮಾನದಲ್ಲಿ ಇವತ್ತಿನ ಜರ್ಮನಿಯ ಜಾಗದಲ್ಲಿ ಸುಮಾರು 300 ಸಣ್ಣಪುಟ್ಟ ಸಂಸ್ಥಾನಗಳಿದ್ದವು. ಎಲ್ಲವೂ ಹೆಸರಿಗೆ ಪವಿತ್ರ ರೋಮನ್ ಸಾಮ್ರಾಜ್ಯದ ಕೆಳಗೆ. ಫ್ರಾನ್ಸ್, ಇಂಗ್ಲೆಂಡ್‌ಗಳಲ್ಲಿ ರಾಜ್ಯ ಹಿರಿಮಗನಿಗೆ ಇಡಿಯಾಗಿ ಹೋಗುತ್ತಿತ್ತು. ಜರ್ಮನ್ ಮನೆತನಗಳಲ್ಲಿ, ಮುಖ್ಯವಾಗಿ ತುರಿಂಗಿಯಾ ಕಡೆ, ಅಣ್ಣತಮ್ಮಂದಿರು ರಾಜ್ಯವನ್ನೇ ಪಾಲು ಮಾಡಿಕೊಳ್ಳುವ ಪದ್ಧತಿ ಬಹಳ ಕಾಲ ನಡೆಯಿತು. ಒಂದು ಸ್ಯಾಕ್ಸನಿ ಒಡೆದು ಸ್ಯಾಕ್ಸ್-ವೈಮಾರ್, ಸ್ಯಾಕ್ಸ್-ಗೋಥಾ, ಸ್ಯಾಕ್ಸ್-ಮೈನಿಂಗನ್, ಸ್ಯಾಕ್ಸ್-ಕೊಬುರ್ಗ್ ಅಂತ ಚೂರುಚೂರಾಗಿದ್ದು ಹೀಗೆ. ನೆಪೋಲಿಯನ್ನನ ಹೊಡೆತಕ್ಕೆ 1806ರಲ್ಲಿ ಆ ಸಾಮ್ರಾಜ್ಯವೇ ಮುಗಿಯಿತು, ಬಹುಪಾಲು ಸಂಸ್ಥಾನಗಳು ಪಕ್ಕದ ದೊಡ್ಡವರ ಪಾಲಾದವು. 1815ರ ಜರ್ಮನ್ ಒಕ್ಕೂಟದಲ್ಲಿ ಉಳಿದಿದ್ದು ಸುಮಾರು 39. ಆದರೆ ರಾಜ್ಯ ಕಳೆದುಕೊಂಡ ಮನೆತನಗಳಿಗೂ ಒಂದು ಗೌರವ ಉಳಿಸಿಕೊಟ್ಟರು. ಮದುವೆಯ ವಿಷಯದಲ್ಲಿ ಅವರು ಆಳುವ ಮನೆತನಗಳಿಗೆ ಸಮಾನರು ಅಂತ ಒಕ್ಕೂಟದ ಸಂವಿಧಾನದಲ್ಲೇ ಬರೆದರು.

ಈ ಸಮಾನತೆ ಅನ್ನೋದೇ ಇಡೀ ಕಥೆಯ ಬೀಗದ ಕೈ. ಜರ್ಮನ್ ರಾಜಮನೆತನಗಳ ಕುಲಕಾನೂನಿನಲ್ಲಿ ಆಳುವ ಮನೆಯ ಗಂಡು ಆಳುವ ಮನೆಯ ಹೆಣ್ಣನ್ನೇ, ಅಥವಾ ಈಗ ಹೇಳಿದ ಹಾಗೆ ಸಮಾನ ಅಂತ ಮಾನ್ಯವಾದ ಮನೆಯ ಹೆಣ್ಣನ್ನೇ ಮದುವೆಯಾಗಬೇಕು. ಇಲ್ಲದಿದ್ದರೆ ಮದುವೆ ಧರ್ಮದ ಪ್ರಕಾರ ಸರಿಯೇ, ಆದರೆ ಹೆಂಡತಿಗೆ ಗಂಡನ ಪದವಿ ಸಿಗುವುದಿಲ್ಲ, ಮಕ್ಕಳಿಗೆ ಸಿಂಹಾಸನ ಸಿಗುವುದಿಲ್ಲ. ಇದಕ್ಕೆ ಮಾರ್ಗನಾಟಿಕ್ ಮದುವೆ ಅಂತ ಹೆಸರು. ಗೋಥಾ ಊರಿನಲ್ಲಿ 1763ರಿಂದ ಪ್ರತಿ ವರ್ಷ ಒಂದು ಪಂಚಾಂಗ ಅಚ್ಚಾಗುತ್ತಿತ್ತು, ಆಲ್ಮನಾಕ್ ದ ಗೋಥಾ. ಯಾವ ಮನೆತನ ಯಾವ ದರ್ಜೆಯದು, ಯಾರಿಗೆ ಎಷ್ಟು ಮಕ್ಕಳು, ಯಾರ ಮದುವೆ ಯಾರ ಜೊತೆ ಆಯಿತು ಎಲ್ಲ ಅದರಲ್ಲಿ ಇರುತ್ತಿತ್ತು. ನಮ್ಮ ಕಡೆ ಮದುವೆ ದಲ್ಲಾಳಿ ಕಂಕುಳಲ್ಲಿ ಜಾತಕದ ಕಟ್ಟು ಇಟ್ಟುಕೊಂಡು ಓಡಾಡುತ್ತಿದ್ದನಲ್ಲ, ಹೆಚ್ಚುಕಡಿಮೆ ಅದೇ ಕೆಲಸ. ಮೊದಲ ಭಾಗದಲ್ಲಿ ಆಳುವವರು, ಎರಡನೆಯದರಲ್ಲಿ ರಾಜ್ಯ ಹೋದರೂ ದರ್ಜೆ ಉಳಿದವರು, ಮೂರನೆಯದರಲ್ಲಿ ಉಳಿದ ಪ್ರಿನ್ಸ್, ಡ್ಯೂಕ್‌ಗಳು. ಮೂರನೇ ಭಾಗದವರು ಎಷ್ಟೇ ಶ್ರೀಮಂತರಾಗಿರಲಿ, ಮೊದಲ ಭಾಗದವರ ಲೆಕ್ಕದಲ್ಲಿ ಅವರು ಸರಿಸಮಾನರಲ್ಲ.

ಈ ನಿಯಮ ಎಷ್ಟು ಕಟ್ಟುನಿಟ್ಟು ಅನ್ನೋದು ಆಸ್ಟ್ರಿಯಾ ಆಳುತ್ತಿದ್ದ ಹ್ಯಾಬ್ಸ್‌ಬರ್ಗ್ ಮನೆತನದ ಯುವರಾಜ ಫ್ರಾನ್ಸ್ ಫರ್ಡಿನೆಂಡನ ಬದುಕು ನೋಡಿದರೆ ತಿಳಿಯುತ್ತದೆ. ಅವನು ಪ್ರೀತಿಸಿದ್ದು ಸೋಫಿ ಚೋಟೆಕ್ ಅನ್ನುವವಳನ್ನು. ಹಳೆಯ ಬೊಹೀಮಿಯನ್ ಕೌಂಟ್ ಮನೆತನದ ಹುಡುಗಿ, ಬಡವಳೇನಲ್ಲ, ಆದರೆ ಹ್ಯಾಬ್ಸ್‌ಬರ್ಗ್ ಕುಲಕಾನೂನಿನ ಪ್ರಕಾರ ಸಮಾನಳಲ್ಲ. ಕೊನೆಗೆ 1900ರ ಜೂನ್ 28ರಂದು ವಿಯೆನ್ನಾದ ಅರಮನೆಯಲ್ಲಿ, ಚಕ್ರವರ್ತಿ ಮತ್ತು ಮನೆತನದ ಹಿರಿಯರ ಎದುರು, ತನ್ನ ಹೆಂಡತಿ ಎಂದೂ ಮಹಾರಾಣಿಯಾಗುವುದಿಲ್ಲ, ತನ್ನ ಮಕ್ಕಳು ಎಂದೂ ಪಟ್ಟ ಕೇಳುವುದಿಲ್ಲ ಅಂತ ಆಣೆ ಮಾಡಿದ. ಆಮೇಲೆ ಮದುವೆಯಾದ. ಅಲ್ಲಿಂದ ಮುಂದೆ ಆಸ್ಥಾನದ ಮೆರವಣಿಗೆಗಳಲ್ಲಿ ಸೋಫಿ ಗಂಡನ ಪಕ್ಕ ನಡೆಯುವ ಹಾಗಿರಲಿಲ್ಲ. ಹ್ಯಾಬ್ಸ್‌ಬರ್ಗ್ ಮನೆಯ ಹೆಣ್ಣುಮಕ್ಕಳೆಲ್ಲ ಮುಂದೆ ಹೋದ ಮೇಲೆ ಹಿಂದೆ ಬರಬೇಕಿತ್ತು. 1914ರ ಸರಯೇವೋ ಭೇಟಿ ಸೇನೆಯ ಕೆಲಸಕ್ಕೆ ಸಂಬಂಧಿಸಿದ್ದು, ಅಲ್ಲಿ ಆಸ್ಥಾನದ ನಿಯಮ ಅಷ್ಟು ನಡೆಯುತ್ತಿರಲಿಲ್ಲ, ಹಾಗಾಗಿ ಅವಳು ಕಾರಿನಲ್ಲಿ ಗಂಡನ ಪಕ್ಕದಲ್ಲೇ ಕೂತಿದ್ದಳು. ಗುಂಡು ಇಬ್ಬರಿಗೂ ಬಿತ್ತು. ದಿನಾಂಕ ಜೂನ್ 28, ಆಣೆ ಮಾಡಿ ಸರಿಯಾಗಿ 14 ವರ್ಷ. ವಿಯೆನ್ನಾದಲ್ಲಿ ದರ್ಶನಕ್ಕೆ ಇಟ್ಟಾಗ ಅವಳ ಶವಪೆಟ್ಟಿಗೆಯನ್ನು ಗಂಡನದಕ್ಕಿಂತ ತಗ್ಗಿನಲ್ಲಿ ಇಟ್ಟರು. ಅದರ ಮೇಲೆ ಕಿರೀಟ ಇಲ್ಲ, ಒಂದು ಜೊತೆ ಬಿಳಿ ಕೈಗವಸು, ಒಂದು ಬೀಸಣಿಗೆ. ಹ್ಯಾಬ್ಸ್‌ಬರ್ಗ್‌ಗಳ ಸಮಾಧಿಮನೆಯಲ್ಲಿ ಅವಳಿಗೆ ಜಾಗ ಇಲ್ಲ ಅಂತ ಫ್ರಾನ್ಸ್ ಫರ್ಡಿನೆಂಡನಿಗೆ ಮೊದಲೇ ಗೊತ್ತಿತ್ತು. ಅದಕ್ಕೇ ತನ್ನ ಆರ್ಟ್‌ಸ್ಟೆಟೆನ್ ಕೋಟೆಮನೆಯಲ್ಲಿ ಇಬ್ಬರಿಗೂ ಒಟ್ಟಿಗೆ ಸಮಾಧಿ ಕಟ್ಟಿಸಿ ಇಟ್ಟಿದ್ದ. ಈಗಲೂ ಅಲ್ಲೇ ಇದ್ದಾರೆ. ಒಂದು ನಿಯಮ ಸತ್ತವರನ್ನೂ ಬಿಡದೆ ಹಿಂಬಾಲಿಸುವುದನ್ನು ಓದುವಾಗ ನನಗೆ ಈಗಲೂ ಸಂಕಟವಾಗುತ್ತದೆ.

ಇದೇ ನಿಯಮದ ಇನ್ನೊಂದು ಫಲ ನಮಗೆ ಚೆನ್ನಾಗಿ ಗೊತ್ತಿರುವ ಹೆಸರು. ಹೆಸ್ ಮನೆತನದ ರಾಜಕುಮಾರ ಅಲೆಕ್ಸಾಂಡರ್ 1851ರಲ್ಲಿ ಯೂಲಿಯಾ ಹೌಕೆ ಅನ್ನುವವಳನ್ನು ಮದುವೆಯಾದ. ಅವಳು ರಷ್ಯಾದಲ್ಲಿ ಅವನ ತಂಗಿಯ ಬಳಿ ಸಖಿಯಾಗಿದ್ದವಳು. ಸಮಾನಳಲ್ಲವಾದ್ದರಿಂದ ಮಕ್ಕಳಿಗೆ ಹೆಸ್ ಹೆಸರು ಸಿಗಲಿಲ್ಲ, ಬದಲಿಗೆ ಒಂದು ಸಣ್ಣ ಊರಿನ ಹೆಸರು ಕೊಟ್ಟರು: ಬ್ಯಾಟನ್‌ಬರ್ಗ್. ಆ ಮಕ್ಕಳಲ್ಲಿ ಒಬ್ಬ ಬ್ರಿಟಿಷ್ ನೌಕಾಪಡೆ ಸೇರಿದ, 1917ರಲ್ಲಿ ಹೆಸರನ್ನು ಇಂಗ್ಲಿಷ್ ಮಾಡಿಕೊಂಡು ಮೌಂಟ್‌ಬ್ಯಾಟನ್ ಆದ. ಭಾರತದ ಕೊನೆಯ ವೈಸರಾಯ್ ಅವನ ಕಿರಿಮಗ.

ಈಗ ಯೋಚನೆ ಮಾಡಿ. ಸಮಾನ ಮನೆತನದ ವಧುವೇ ಬೇಕು, ವರನೇ ಬೇಕು. ಯುರೋಪಿನಲ್ಲಿ ದೊಡ್ಡ ರಾಜಮನೆತನಗಳು ಬೆರಳೆಣಿಕೆಯಷ್ಟು. ಆದರೆ ಜರ್ಮನ್ ನಾಡಿನಲ್ಲಿ ಒಂದೊಂದು ಕಣಿವೆಗೂ ಒಬ್ಬ ಡ್ಯೂಕ್. ಊರು ಸಣ್ಣದು, ಖಜಾನೆ ಖಾಲಿ, ಆದರೆ ದರ್ಜೆಯಲ್ಲಿ ರಷ್ಯಾದ ತ್ಸಾರನಿಗೂ ಸಮ. ಇನ್ನೊಂದು ಮುಖ್ಯ ಕಾರಣ ಧರ್ಮ. ಇಂಗ್ಲೆಂಡಿನ 1701ರ ಕಾನೂನಿನ ಪ್ರಕಾರ ಕ್ಯಾಥೊಲಿಕ್ ಆದವನಾಗಲಿ, ಕ್ಯಾಥೊಲಿಕ್ ಹೆಣ್ಣನ್ನು ಮದುವೆಯಾದವನಾಗಲಿ ಪಟ್ಟಕ್ಕೆ ಬರುವ ಹಾಗಿರಲಿಲ್ಲ. ರಾಣಿ ಆನ್ ಸತ್ತಾಗ ರಕ್ತಸಂಬಂಧದಲ್ಲಿ ಹತ್ತಿರದವರು 50ಕ್ಕೂ ಜಾಸ್ತಿ ಜನ ಇದ್ದರು, ಎಲ್ಲರೂ ಕ್ಯಾಥೊಲಿಕ್. ಅವರನ್ನೆಲ್ಲ ಬಿಟ್ಟು ಹ್ಯಾನೋವರ್‌ನ ಜಾರ್ಜ್‌ನನ್ನು ಕರೆದರು. ಹಾಗಾಗಿ ಫ್ರಾನ್ಸ್, ಸ್ಪೇನ್, ಆಸ್ಟ್ರಿಯಾ, ಇಟಲಿಯ ಸಂಬಂಧಗಳು ಇಂಗ್ಲೆಂಡಿಗೆ ಬಾಗಿಲು ಮುಚ್ಚಿದ ಹಾಗೆಯೇ. ಉಳಿದಿದ್ದು ಪ್ರಾಟೆಸ್ಟಂಟ್ ಜರ್ಮನಿ, ಸ್ಕ್ಯಾಂಡಿನೇವಿಯಾ. ರಷ್ಯಾಕ್ಕೆ ಹೋಗುವ ವಧು ಆರ್ಥೊಡಾಕ್ಸ್ ಆಗಬೇಕಿತ್ತು. ಕ್ಯಾಥೊಲಿಕ್ ಮನೆತನಗಳು ಅದಕ್ಕೆ ಒಪ್ಪುವುದು ಕಷ್ಟ, ಲೂಥರನ್ ಮನೆತನಗಳು ಒಪ್ಪುತ್ತಿದ್ದವು. ಕ್ಯಾಥರೀನ್ ಮಹಾರಾಣಿ ಅಂತ ನಾವು ಓದುತ್ತೇವಲ್ಲ, ಅವಳೇ ಆನ್‌ಹಾಲ್ಟ್-ತ್ಸೆರ್ಬ್‌ಸ್ಟ್ ಅನ್ನೋ ಪುಟಾಣಿ ಸಂಸ್ಥಾನದ ಸೋಫಿ. 1744ರಲ್ಲಿ ಮತ ಬದಲಿಸಿದಳು, ಹೆಸರು ಬದಲಿಸಿದಳು, ಮರುವರ್ಷ ಮದುವೆಯಾದಳು.

ಈ ಎಲ್ಲವೂ ಒಂದೇ ಮನೆಯಲ್ಲಿ ಕೂಡಿಬಂದಿದ್ದನ್ನು ನೋಡಬೇಕಾದರೆ ಕೊಬುರ್ಗ್‌ಗೆ ಹೋಗಬೇಕು. ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗವೂ ಇದೇ.

ಬವೇರಿಯಾದ ಉತ್ತರದ ಅಂಚಿನಲ್ಲಿರುವ ಕೊಬುರ್ಗ್‌ನಲ್ಲಿ ಡ್ಯೂಕ್ ಫ್ರಾನ್ಸ್ ಫ್ರೆಡ್ರಿಕ್ ಆಳುತ್ತಿದ್ದ. ಆಳುತ್ತಿದ್ದ ಅನ್ನೋದಕ್ಕಿಂತ ಸಾಲ ತೀರಿಸುತ್ತಿದ್ದ ಅನ್ನೋದು ಸರಿ. ಅವನ ಅಪ್ಪನ ಕಾಲಕ್ಕೇ ಸಾಲ ಎಷ್ಟು ಬೆಳೆದಿತ್ತು ಅಂದರೆ ಅದನ್ನು ವಸೂಲಿ ಮಾಡಲು ಚಕ್ರವರ್ತಿಯ ಕಡೆಯಿಂದಲೇ ಆಯೋಗ ಬಂದಿತ್ತು. ಈ ಡ್ಯೂಕ್‌ಗೆ ಪುಸ್ತಕ, ಚಿತ್ರಗಳ ಹುಚ್ಚು. ಹೆಂಡತಿ ಆಗಸ್ಟಾ ಮಾತ್ರ ಬಹಳ ಚುರುಕು, ದೂರದೃಷ್ಟಿ ಇದ್ದವಳು. ಬದುಕಿ ಬೆಳೆದ ಮಕ್ಕಳು ಏಳು. 1795ರಲ್ಲಿ ರಷ್ಯಾದ ಕ್ಯಾಥರೀನ್ ತನ್ನ ಮೊಮ್ಮಗ ಕಾನ್‌ಸ್ಟಂಟೈನ್‌ಗೆ ಹೆಣ್ಣು ಹುಡುಕುತ್ತಿದ್ದಾಗ ಆಗಸ್ಟಾ ಮೂವರು ಹೆಣ್ಣುಮಕ್ಕಳನ್ನು ಕರೆದುಕೊಂಡು ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೊರಟಳು. ಆಯ್ಕೆಯಾದವಳು ಮೂವರಲ್ಲಿ ಚಿಕ್ಕವಳು, ಯೂಲಿಯಾನೆ. 1796ರಲ್ಲಿ ಮದುವೆ. ಹುಡುಗಿಗೆ 14 ವರ್ಷ, ಹುಡುಗನಿಗೆ 16. ಕಾನ್‌ಸ್ಟಂಟೈನ್ ಕ್ರೂರಿ, ಮದುವೆ ನರಕವಾಯಿತು, 1801ರಲ್ಲಿ ಅವಳು ರಷ್ಯಾ ಬಿಟ್ಟು ಬಂದವಳು ಮತ್ತೆ ಹಿಂದಿರುಗಲಿಲ್ಲ. ವಿಚ್ಛೇದನ ಸಿಗಲು 1820ರ ತನಕ ಕಾಯಬೇಕಾಯಿತು.

ಆದರೆ ಆ ಹುಡುಗಿಯ ಕಣ್ಣೀರಿನ ಮೇಲೆ ಇಡೀ ಮನೆತನ ನಿಂತುಕೊಂಡಿತು. ನೆಪೋಲಿಯನ್ ಕೊಬುರ್ಗನ್ನು ಆಕ್ರಮಿಸಿಕೊಂಡಿದ್ದ, 1807ರ ಟಿಲ್ಸಿಟ್ ಒಪ್ಪಂದದಲ್ಲಿ ಕಾನ್‌ಸ್ಟಂಟೈನ್‌ನ ಅಣ್ಣ ತ್ಸಾರ್ ಅಲೆಕ್ಸಾಂಡರ್ ಅದನ್ನು ವಾಪಸ್ ಕೊಡಿಸಿದ. ಯೂಲಿಯಾನೆಯ ಕಿರಿಯ ತಮ್ಮ ಲಿಯೊಪೋಲ್ಡನಿಗೆ ಬಾಲ್ಯದಲ್ಲೇ ರಷ್ಯಾ ಸೇನೆಯಲ್ಲಿ ಹುದ್ದೆ ಸಿಕ್ಕಿತ್ತು. ಅವನು ನೆಪೋಲಿಯನ್ ವಿರುದ್ಧ ಹೋರಾಡಿದ, 1814ರಲ್ಲಿ ತ್ಸಾರನ ಪರಿವಾರದ ಜೊತೆ ಲಂಡನ್‌ಗೆ ಬಂದ. ಕೈಯಲ್ಲಿ ದುಡ್ಡಿಲ್ಲ. ಮ್ಯಾರಿಲೆಬೋನ್ ಹೈ ಸ್ಟ್ರೀಟ್‌ನಲ್ಲಿ ಒಂದು ಕಿರಾಣಿ ಅಂಗಡಿಯ ಮಹಡಿ ಮೇಲೆ ಬಾಡಿಗೆ ಕೋಣೆ ಹಿಡಿದ. ಎರಡು ವರ್ಷ ಕಳೆಯುವಷ್ಟರಲ್ಲಿ ಇಂಗ್ಲೆಂಡಿನ ಸಿಂಹಾಸನದ ಮುಂದಿನ ವಾರಸುದಾರಳು ಷಾರ್ಲೆಟ್‌ಳನ್ನು ಮದುವೆಯಾಗಿದ್ದ. ಪಾರ್ಲಿಮೆಂಟು ಅವನಿಗೆ ವರ್ಷಕ್ಕೆ 50,000 ಪೌಂಡ್ ಜೀವನಾಂಶ ಕೊಟ್ಟಿತು.

ಷಾರ್ಲೆಟ್ 1817ರ ನವೆಂಬರಿನಲ್ಲಿ ಹೆರಿಗೆಯಲ್ಲಿ ತೀರಿಕೊಂಡಳು. ಮಗುವೂ ಉಳಿಯಲಿಲ್ಲ. ಅಷ್ಟು ಮಕ್ಕಳಿದ್ದ ಮೂರನೇ ಜಾರ್ಜ್‌ಗೆ ಆಗ ಕಾನೂನುಬದ್ಧ ಮೊಮ್ಮಗು ಒಂದೂ ಇರಲಿಲ್ಲ. ವಯಸ್ಸಾದ ರಾಜಕುಮಾರರೆಲ್ಲ ಇದ್ದಕ್ಕಿದ್ದ ಹಾಗೆ ಮದುವೆಗೆ ಓಡಿದರು. ಕೆಂಟ್‌ನ ಡ್ಯೂಕ್ ಎಡ್ವರ್ಡ್ ಮದುವೆಯಾದದ್ದು ಯಾರನ್ನು ಗೊತ್ತಾ? ಲಿಯೊಪೋಲ್ಡನ ವಿಧವೆ ಅಕ್ಕ ವಿಕ್ಟೋಯರ್‌ಳನ್ನು. ಅವರ ಮಗಳೇ ವಿಕ್ಟೋರಿಯಾ, ಹುಟ್ಟಿದ್ದು 1819ರ ಮೇ 24. ಆ ಹೆರಿಗೆ ಮಾಡಿಸಿದ ಜರ್ಮನ್ ವೈದ್ಯೆ ಷಾರ್ಲೊಟೆ ಸೀಬೋಲ್ಡ್ ಅದೇ ವರ್ಷ ಆಗಸ್ಟಿನಲ್ಲಿ ಕೊಬುರ್ಗ್ ಹತ್ತಿರದ ರೋಸೆನೌ ಮನೆಯಲ್ಲಿ ಇನ್ನೊಂದು ಹೆರಿಗೆ ಮಾಡಿಸಿದಳು. ಆ ಮಗು ಆಲ್ಬರ್ಟ್, ಲಿಯೊಪೋಲ್ಡನ ದೊಡ್ಡಣ್ಣನ ಮಗ. ಸೋದರಮಾವ ಅಂತ ವಿಕ್ಟೋರಿಯಾಗೆ, ಚಿಕ್ಕಪ್ಪ ಅಂತ ಆಲ್ಬರ್ಟ್‌ಗೆ ವರ್ಷಗಟ್ಟಲೆ ಪತ್ರ ಬರೆದು, ಬುದ್ಧಿ ಹೇಳಿ, ಇಬ್ಬರನ್ನೂ ಸೇರಿಸಿದವನು ಲಿಯೊಪೋಲ್ಡನೇ. 1840ರ ಫೆಬ್ರವರಿ 10ರಂದು ಮದುವೆ. ಸೋದರತ್ತೆ ಮಗಳು, ಸೋದರಮಾವನ ಮಗ. ನಮ್ಮ ಕಡೆಯವರಿಗೆ ಈ ಸಂಬಂಧ ವಿವರಿಸಿ ಹೇಳಬೇಕಾಗಿಲ್ಲ.

ಅಷ್ಟು ಹೊತ್ತಿಗೆ ಲಿಯೊಪೋಲ್ಡ್ ತಾನೇ ರಾಜನಾಗಿದ್ದ. 1830ರಲ್ಲಿ ಬೆಲ್ಜಿಯಂ ದಂಗೆಯೆದ್ದು ನೆದರ್‌ಲೆಂಡ್ಸ್‌ನಿಂದ ಬೇರೆಯಾಯಿತು, ಅವರಿಗೊಬ್ಬ ರಾಜ ಬೇಕಿತ್ತು. ಮೊದಲು ಫ್ರೆಂಚ್ ರಾಜನ ಮಗನನ್ನು ಆರಿಸಿದರು. ಇಂಗ್ಲೆಂಡ್ ಒಪ್ಪಲಿಲ್ಲ, ಫ್ರಾನ್ಸ್ ಅಷ್ಟು ಹತ್ತಿರ ಬರುವುದು ಅದಕ್ಕೆ ಬೇಡ. ಆಗ ಎಲ್ಲರಿಗೂ ಒಪ್ಪಿಗೆಯಾದವನು ಲಿಯೊಪೋಲ್ಡ್. ಅವನ ಹಿಂದೆ ಸೇನೆಯಿಲ್ಲ, ದೊಡ್ಡ ರಾಜ್ಯವಿಲ್ಲ. ಕೊಬುರ್ಗ್ ಬೆಲ್ಜಿಯಂನ ಮೂಲಕ ಯಾರ ಮೇಲೆ ತಾನೇ ದಾಳಿ ಮಾಡೀತು? 1831ರ ಜುಲೈ 21ರಂದು ಪ್ರಮಾಣ ಮಾಡಿದ. ಬೆಲ್ಜಿಯಂನ ರಾಷ್ಟ್ರೀಯ ಹಬ್ಬ ಇವತ್ತಿಗೂ ಅದೇ ದಿನ. ತಾನು ಲೂಥರನ್ ಆಗಿಯೇ ಉಳಿದ, ಮಕ್ಕಳನ್ನು ಕ್ಯಾಥೊಲಿಕ್ ಆಗಿ ಬೆಳೆಸಿದ.

ಇನ್ನೊಬ್ಬ ಅಣ್ಣ ಫರ್ಡಿನೆಂಡ್ ಹಂಗೇರಿಯ ಕೊಹಾರಿ ಮನೆತನದ ಭಾರಿ ಆಸ್ತಿಯ ಒಬ್ಬಳೇ ಮಗಳನ್ನು ಮದುವೆಯಾದ, ಮಕ್ಕಳು ಕ್ಯಾಥೊಲಿಕ್ ಆದರು. ಇದು ಬಹಳ ದೊಡ್ಡ ತಿರುವು. ಈಗ ಕೊಬುರ್ಗ್ ಮನೆಯಲ್ಲಿ ಪ್ರಾಟೆಸ್ಟಂಟ್ ವರರೂ ಇದ್ದರು, ಕ್ಯಾಥೊಲಿಕ್ ವರರೂ ಇದ್ದರು. ಫರ್ಡಿನೆಂಡನ ಮಗ 1836ರಲ್ಲಿ ಪೋರ್ಚುಗಲ್‌ನ ರಾಣಿ ಎರಡನೇ ಮರಿಯಾಳನ್ನು ಮದುವೆಯಾದ. ಅಲ್ಲಿನ ಪದ್ಧತಿಯಂತೆ ವಾರಸುದಾರ ಹುಟ್ಟಿದ ಮೇಲೆ ಅವನಿಗೂ ರಾಜ ಅನ್ನೋ ಪದವಿ ಸಿಕ್ಕಿತು. ಸಿಂತ್ರಾದ ಗುಡ್ಡದ ಮೇಲೆ ಹಳದಿ, ಕೆಂಪು ಬಣ್ಣದ ಪೆನಾ ಅರಮನೆಯ ಚಿತ್ರ ನೋಡಿರುತ್ತೀರಲ್ಲ, ಅದನ್ನು ಕಟ್ಟಿಸಿದವನು ಇವನೇ. ಕೊಬುರ್ಗ್ ಯುರೋಪಿನ ತಳಿ ಕುದುರೆಗಳ ಲಾಯ ಅಂತ ಬಿಸ್ಮಾರ್ಕ್ ಹೇಳಿದ್ದ ಎನ್ನುತ್ತಾರೆ. ಮಾತು ಒರಟು, ಆದರೆ ಒಂದೇ ತಲೆಮಾರಿನಲ್ಲಿ ರಷ್ಯಾ, ಇಂಗ್ಲೆಂಡ್, ಬೆಲ್ಜಿಯಂ ಮುಟ್ಟಿ, ಎರಡನೇ ತಲೆಮಾರಿನಲ್ಲಿ ಪೋರ್ಚುಗಲ್ ಮುಟ್ಟಿದ ಮನೆತನ ಇನ್ನೊಂದಿಲ್ಲ.

ಆಮೇಲೆ ಬಾಲ್ಕನ್. ಆಟೊಮನ್ ಸಾಮ್ರಾಜ್ಯ ಕುಗ್ಗುತ್ತಾ ಹೋದ ಹಾಗೆ ಹೊಸ ದೇಶಗಳು ಹುಟ್ಟಿದವು, ಪ್ರತಿಯೊಂದಕ್ಕೂ ರಾಜ ಬೇಕು. ಊರಿನವರಲ್ಲೇ ಒಬ್ಬನನ್ನು ಮಾಡಿದರೆ ಉಳಿದ ಪಂಗಡಗಳು ಒಪ್ಪುವುದಿಲ್ಲ. ರಷ್ಯಾದವನನ್ನು ತಂದರೆ ಇಂಗ್ಲೆಂಡ್ ಒಪ್ಪುವುದಿಲ್ಲ, ಇಂಗ್ಲೆಂಡಿನವನನ್ನು ತಂದರೆ ರಷ್ಯಾ ಒಪ್ಪುವುದಿಲ್ಲ. ಗ್ರೀಸ್‌ನದ್ದು ಇದರಲ್ಲಿ ತುಂಬಾ ಸ್ವಾರಸ್ಯದ ಪ್ರಸಂಗ. ಮೊದಲು ಬವೇರಿಯಾದ ಓಟೋನನ್ನು ತಂದಿದ್ದರು, 1862ರಲ್ಲಿ ಓಡಿಸಿದರು. ಹೊಸ ರಾಜ ಯಾರಾಗಬೇಕು ಅಂತ ಜನರ ಮತ ಕೇಳಿದರು. ಚಲಾವಣೆಯಾದ 2,41,202 ಮತಗಳಲ್ಲಿ 2,30,016 ಮತ ವಿಕ್ಟೋರಿಯಾಳ ಎರಡನೇ ಮಗ ಆಲ್ಫ್ರೆಡ್‌ಗೆ ಬಿತ್ತು! ಆದರೆ ಇಂಗ್ಲೆಂಡ್, ಫ್ರಾನ್ಸ್, ರಷ್ಯಾ ಮೂರೂ ದೇಶಗಳ ರಾಜಮನೆತನದವರು ಗ್ರೀಸ್‌ನಲ್ಲಿ ಆಳಬಾರದು ಅಂತ ಹಳೆಯ ಒಪ್ಪಂದವಿತ್ತು. ಕೊನೆಗೆ ಪಟ್ಟ ಸಿಕ್ಕಿದ್ದು 17 ವರ್ಷದ ಡೆನ್ಮಾರ್ಕ್ ರಾಜಕುಮಾರ ವಿಲ್ಹೆಲ್ಮ್‌ಗೆ. ಅವನಿಗೆ ಬಿದ್ದಿದ್ದು ಆರು ಮತ. ಮೊದಲನೇ ಜಾರ್ಜ್ ಅನ್ನೋ ಹೆಸರಿನಲ್ಲಿ 50 ವರ್ಷ ಆಳಿದ.

ಅವನು ಡೆನ್ಮಾರ್ಕ್‌ನವನು ಅಂದರೂ ಮನೆತನ ಗ್ಲುಕ್ಸ್‌ಬರ್ಗ್, ಶ್ಲೆಸ್ವಿಗ್-ಹೋಲ್‌ಸ್ಟೈನ್‌ನ ಒಂದು ಕಿರಿಯ ಶಾಖೆ. ಅವನ ಅಪ್ಪ ಕ್ರಿಶ್ಚಿಯನ್ ಆಗಿನ್ನೂ ರಾಜನೂ ಆಗಿರಲಿಲ್ಲ. ಮನೆಯಲ್ಲಿ ಎಷ್ಟು ಬಿಗಿ ಅಂದರೆ ಹೆಣ್ಣುಮಕ್ಕಳು ತಮ್ಮ ಬಟ್ಟೆ ತಾವೇ ಹೊಲಿದುಕೊಳ್ಳುತ್ತಿದ್ದರು. 1863 ಒಂದೇ ವರ್ಷದಲ್ಲಿ ಮಗಳು ಅಲೆಕ್ಸಾಂಡ್ರಾ ಇಂಗ್ಲೆಂಡಿನ ಯುವರಾಜನನ್ನು ಮದುವೆಯಾದಳು, ಮಗ ಗ್ರೀಸ್‌ನ ರಾಜನಾದ, ಅಪ್ಪ ಡೆನ್ಮಾರ್ಕ್‌ನ ರಾಜನಾದ. ಮೂರು ವರ್ಷದ ಮೇಲೆ ಇನ್ನೊಬ್ಬ ಮಗಳು ಡಾಗ್ಮಾರ್ ರಷ್ಯಾದ ಯುವರಾಜನನ್ನು ಮದುವೆಯಾದಳು. ಮುಂದೆ ಇಂಗ್ಲೆಂಡಿನ ಐದನೇ ಜಾರ್ಜ್ ಮತ್ತು ರಷ್ಯಾದ ಎರಡನೇ ನಿಕೋಲಸ್ ಅವಳಿಗಳ ಹಾಗೆ ಕಾಣುತ್ತಿದ್ದುದು ಈ ಅಕ್ಕತಂಗಿಯರಿಂದ.

ರೊಮೇನಿಯಾ 1866ರಲ್ಲಿ, ಪ್ರಷ್ಯಾ ಅನ್ನೋ ದೊಡ್ಡ ಜರ್ಮನ್ ರಾಜ್ಯವನ್ನು ಆಳುತ್ತಿದ್ದ ಹೋಹೆನ್‌ಝೋಲರ್ನ್ ಮನೆತನದ, ಸಿಗ್ಮರಿಂಗನ್ ಅನ್ನೋ ಕ್ಯಾಥೊಲಿಕ್ ಶಾಖೆಯ ಕಾರ್ಲ್‌ನನ್ನು ಕರೆಯಿತು. ಪ್ರಷ್ಯಾ ಮತ್ತು ಆಸ್ಟ್ರಿಯಾ ನಡುವೆ ಯುದ್ಧ ಇನ್ನೇನು ಶುರುವಾಗಬೇಕು, ಅವನು ಪ್ರಷ್ಯಾ ಸೇನೆಯ ಅಧಿಕಾರಿ, ದಾರಿ ಆಸ್ಟ್ರಿಯಾದೊಳಗೆ. ಕಾರ್ಲ್ ಹೆಟ್ಟಿಂಗನ್ ಅನ್ನೋ ಸುಳ್ಳು ಹೆಸರಿನ ಸ್ವಿಸ್ ಪಾಸ್‌ಪೋರ್ಟ್ ಹಿಡಿದು, ಕನ್ನಡಕ ಹಾಕಿಕೊಂಡು, ಎರಡನೇ ದರ್ಜೆಯ ರೈಲು ಡಬ್ಬಿಯಲ್ಲಿ ಕೂತು ತನ್ನ ಹೊಸ ರಾಜ್ಯಕ್ಕೆ ಹೋದ. ಬಲ್ಗೇರಿಯಾ 1887ರಲ್ಲಿ ಮತ್ತೆ ಕೊಬುರ್ಗ್ ಕಡೆ ತಿರುಗಿತು, ಕೊಹಾರಿ ಶಾಖೆಯ ಇನ್ನೊಬ್ಬ ಫರ್ಡಿನೆಂಡ್ ಬಂದ. ಅಲ್ಬೇನಿಯಾಕ್ಕೆ 1914ರ ಮಾರ್ಚಿನಲ್ಲಿ ವೀಡ್ ಮನೆತನದ ವಿಲ್ಹೆಲ್ಮ್ ಹೋದ, ಆರೇ ತಿಂಗಳಲ್ಲಿ ವಾಪಸ್ ಬಂದ.

ವಿಕ್ಟೋರಿಯಾ ಕಡೆ ಬರೋಣ. ಒಂಬತ್ತು ಮಕ್ಕಳು, 42 ಮೊಮ್ಮಕ್ಕಳು. ಸಂಬಂಧ ಕುದುರಿಸುವುದು ಅವಳಿಗೆ ರಾಜ್ಯಭಾರದಷ್ಟೇ ಮುಖ್ಯ ಕೆಲಸವಾಗಿತ್ತು. ಈ ಅಭ್ಯಾಸ ನಮ್ಮ ಕೊಡಗಿನ ತನಕ ಬಂದಿತ್ತು. ಪದಚ್ಯುತನಾಗಿ ಕಾಶಿಯಲ್ಲಿದ್ದ ಚಿಕ್ಕವೀರರಾಜೇಂದ್ರ 1852ರಲ್ಲಿ ಮಗಳು ಗೌರಮ್ಮಳನ್ನು ಇಂಗ್ಲೆಂಡಿಗೆ ಕರೆದುಕೊಂಡು ಹೋದಾಗ ರಾಣಿಯೇ ಆ ಹುಡುಗಿಯ ದೀಕ್ಷಾಸ್ನಾನಕ್ಕೆ ಧರ್ಮತಾಯಿಯಾಗಿ ನಿಂತಳು, ತನ್ನ ಹೆಸರನ್ನೇ ಕೊಟ್ಟಳು: ವಿಕ್ಟೋರಿಯಾ ಗೌರಮ್ಮ. ಪಂಜಾಬಿನ ದುಲೀಪ್ ಸಿಂಗ್‌ಗೆ ಅವಳನ್ನು ಕೊಟ್ಟು ಮದುವೆ ಮಾಡಬೇಕು ಅನ್ನೋದು ರಾಣಿಯ ಆಸೆ. ಲೆಕ್ಕ ಅದೇ ಹಳೆಯದು: ಇಬ್ಬರೂ ರಾಜಮನೆಯವರು, ಇಬ್ಬರೂ ಕ್ರೈಸ್ತರು, ಇಬ್ಬರಿಗೂ ರಾಜ್ಯ ಇಲ್ಲ. ದುಲೀಪ್ ಸಿಂಗ್ ಒಪ್ಪಲಿಲ್ಲ. ಗೌರಮ್ಮ 1860ರಲ್ಲಿ ಜಾನ್ ಕ್ಯಾಂಪ್‌ಬೆಲ್ ಅನ್ನೋ ಸೇನಾಧಿಕಾರಿಯನ್ನು ಮದುವೆಯಾದಳು, 1864ರಲ್ಲಿ ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲೇ ತೀರಿಕೊಂಡಳು. ಅಪ್ಪನ ಕಥೆ ನಮ್ಮಲ್ಲಿ ಎಷ್ಟೊಂದು ಜನಕ್ಕೆ ಗೊತ್ತು, ಮಗಳ ಕಥೆ ಗೊತ್ತಿರುವವರು ಕಡಿಮೆ. ಅದಕ್ಕೇ ಇಲ್ಲಿ ಹೇಳಿದೆ.

ಈಗ ನಿಮ್ಮ ಎರಡನೇ ಪ್ರಶ್ನೆ, ನೆಂಟರೇ ಆಗಿದ್ದರೂ ಯುದ್ಧ ಯಾಕೆ ನಿಲ್ಲಲಿಲ್ಲ. 1913ರ ಮೇ ತಿಂಗಳಲ್ಲಿ ಬರ್ಲಿನ್‌ನಲ್ಲಿ ಜರ್ಮನಿಯ ಚಕ್ರವರ್ತಿ, ವಿಕ್ಟೋರಿಯಾಳ ಮೊಮ್ಮಗ ಕೈಸರ್ ವಿಲ್ಹೆಲ್ಮ್‌ನ ಮಗಳ ಮದುವೆ. ಜಾರ್ಜ್, ನಿಕೋಲಸ್ ಇಬ್ಬರೂ ಬಂದಿದ್ದರು. ಮೂವರೂ ಒಟ್ಟಿಗೆ ಸೇರಿದ್ದು ಅದೇ ಕೊನೆ. ಮರುವರ್ಷ ಜುಲೈ ಕೊನೆಯ ದಿನಗಳಲ್ಲಿ ವಿಲ್ಹೆಲ್ಮ್ ಮತ್ತು ನಿಕೋಲಸ್ ಒಬ್ಬರಿಗೊಬ್ಬರು ಟೆಲಿಗ್ರಾಂ ಕಳಿಸುತ್ತಿದ್ದರು. ಇಂಗ್ಲಿಷಿನಲ್ಲಿ, ಕೆಳಗೆ ಸಹಿ ವಿಲ್ಲಿ, ನಿಕ್ಕಿ. ಒಬ್ಬರನ್ನೊಬ್ಬರು ಯುದ್ಧ ಬೇಡ ಅಂತ ಕೇಳಿಕೊಂಡರು. ಆಗಸ್ಟ್ 1ಕ್ಕೆ ಜರ್ಮನಿ ರಷ್ಯಾದ ಮೇಲೆ ಯುದ್ಧ ಸಾರಿತು. ಯಾಕೆಂದರೆ ಸೇನೆಗಳ ತಯಾರಿ ಒಮ್ಮೆ ಶುರುವಾದ ಮೇಲೆ ಎರಡು ಟೆಲಿಗ್ರಾಂಗಳಿಂದ ನಿಲ್ಲಿಸುವುದು ಇಬ್ಬರಿಂದಲೂ ಆಗಲಿಲ್ಲ. ಜಾರ್ಜ್‌ಗಂತೂ ಆ ಅಧಿಕಾರವೇ ಇರಲಿಲ್ಲ, ಅಲ್ಲಿ ತೀರ್ಮಾನ ಮಂತ್ರಿಮಂಡಲದ್ದು. ಬಲ ಇಲ್ಲದವರು ಅಂತಲೇ ಇವರನ್ನು ಆರಿಸಿ ಕೂರಿಸಿದ್ದು ಅಂತ ಮೊದಲೇ ಹೇಳಿದೆನಲ್ಲ, ಹಾಗೆ ಬಂದವರು ಉಳಿಯಬೇಕಾದರೆ ಬಂದ ದೇಶದವರೇ ಆಗಿಬಿಡಬೇಕಿತ್ತು. ರಕ್ತಕ್ಕಿಂತ ಸಂವಿಧಾನಕ್ಕೆ, ಜನರ ಮನಸ್ಸಿಗೆ ತಲೆಬಾಗಬೇಕಿತ್ತು.

ರೊಮೇನಿಯಾ ಇದಕ್ಕೆ ಒಳ್ಳೆಯ ಉದಾಹರಣೆ. ಕಾರ್ಲ್, ಈಗ ರಾಜ ಕರೋಲ್, ಜರ್ಮನಿ ಪರ ಯುದ್ಧಕ್ಕೆ ಇಳಿಯಬೇಕು ಅಂತ 1914ರ ಆಗಸ್ಟ್ ಮೊದಲ ವಾರದಲ್ಲಿ ಸಿನಾಯಾದಲ್ಲಿ ಸಭೆ ಕರೆದ. ಮಂತ್ರಿಗಳು, ನಾಯಕರು ಒಪ್ಪಲಿಲ್ಲ. ಅಕ್ಟೋಬರಿನಲ್ಲಿ ಅವನು ತೀರಿಕೊಂಡ. ಪಟ್ಟಕ್ಕೆ ಬಂದ ತಮ್ಮನ ಮಗ... ಅಲ್ಲ, ಅಣ್ಣನ ಮಗ ಫರ್ಡಿನೆಂಡ್ 1916ರಲ್ಲಿ ಜರ್ಮನಿಯ ವಿರುದ್ಧವೇ ಯುದ್ಧಕ್ಕೆ ಇಳಿದ. ಹುಟ್ಟಿದ ಮನೆತನದ ವಿರುದ್ಧ ನಿಲ್ಲುವುದು ಅವನಿಗೆ ಸುಲಭವಿರಲಿಲ್ಲ. ಕೈಸರ್ ಅವನನ್ನು ಹೋಹೆನ್‌ಝೋಲರ್ನ್ ಮನೆತನದಿಂದಲೇ ಹೊರಗೆ ಹಾಕಿದ. ಬೆಲ್ಜಿಯಂನ ಆಲ್ಬರ್ಟ್‌ನ ತಾಯಿ ಹೋಹೆನ್‌ಝೋಲರ್ನ್, ಹೆಂಡತಿ ಬವೇರಿಯಾದವಳು. ಆದರೂ ಜರ್ಮನ್ ಸೇನೆ ಗಡಿ ದಾಟಿದಾಗ ಎದುರು ನಿಂತ. ಗ್ರೀಸ್‌ನ ಕಾನ್‌ಸ್ಟಂಟೈನ್ ಕೈಸರನ ತಂಗಿಯ ಗಂಡ. ತಟಸ್ಥವಾಗಿ ಇರಲು ನೋಡಿದ, 1917ರಲ್ಲಿ ಮಿತ್ರದೇಶಗಳು ಒತ್ತಡ ಹಾಕಿ ಅವನನ್ನು ಕೆಳಗಿಳಿಸಿದವು.

ಇಂಗ್ಲೆಂಡಿನಲ್ಲಿ ಜಾರ್ಜ್‌ನ ಮನೆತನದ ಹೆಸರು ಆಗಿನ್ನೂ ಸ್ಯಾಕ್ಸ್-ಕೊಬುರ್ಗ್-ಗೋಥಾ. 1917ರ ಜೂನ್ 13ರಂದು ಜರ್ಮನ್ ವಿಮಾನಗಳು ಹಗಲಲ್ಲೇ ಲಂಡನ್ ಮೇಲೆ ಬಾಂಬ್ ಹಾಕಿದವು. 162 ಜನ ಸತ್ತರು, ಪಾಪ್ಲರ್‌ನ ಒಂದು ಶಾಲೆಯಲ್ಲೇ 18 ಮಕ್ಕಳು. ಆ ವಿಮಾನಗಳ ಹೆಸರು ಗೋಥಾ, ತಯಾರಾಗಿದ್ದು ಗೋಥಾ ಊರಿನ ಕಾರ್ಖಾನೆಯಲ್ಲಿ. ರಾಜನ ಹೆಸರಿನಲ್ಲಿ ಇರುವುದೂ ಅದೇ ಊರು. ಜುಲೈ 17ರಂದು ಜಾರ್ಜ್ ಆ ಹೆಸರು ಬಿಟ್ಟು ವಿಂಡ್ಸರ್ ಅಂತ ಘೋಷಿಸಿದ. ಅದೇ ವರ್ಷ ರಷ್ಯಾದಲ್ಲಿ ಪಟ್ಟ ಕಳೆದುಕೊಂಡಿದ್ದ ನಿಕೋಲಸ್‌ಗೆ ಆಶ್ರಯ ಕೊಡುವ ಮಾತನ್ನು ಬ್ರಿಟಿಷ್ ಸರ್ಕಾರ ಮೊದಲು ಆಡಿತ್ತು, ಜಾರ್ಜ್ ಹೆದರಿ ಅದನ್ನು ಹಿಂತೆಗೆಸಿದ. ಹೆಸರು ಬದಲಿಸಿ ಸರಿಯಾಗಿ ಒಂದು ವರ್ಷಕ್ಕೆ, 1918ರ ಜುಲೈ 17ರಂದು, ನಿಕೋಲಸ್‌ನನ್ನೂ ಹೆಂಡತಿ ಮಕ್ಕಳನ್ನೂ ಯೆಕಟೆರಿನ್‌ಬರ್ಗ್‌ನಲ್ಲಿ ಗುಂಡಿಟ್ಟು ಕೊಂದರು. ಜಾರ್ಜ್‌ನ ಭಯ ನನಗೆ ಅರ್ಥವಾಗುತ್ತದೆ, ಆದರೆ ಆ ಐದು ಮಕ್ಕಳನ್ನು ನೆನೆದಾಗ ಅವನನ್ನು ಕ್ಷಮಿಸುವುದು ಕಷ್ಟ.

ಕೊಬುರ್ಗ್‌ನಲ್ಲಿ ಆ ಹೊತ್ತಿಗೆ ಡ್ಯೂಕ್ ಆಗಿದ್ದವನು ಯಾರು ಅನ್ನೋದನ್ನೂ ಹೇಳಲೇಬೇಕು. ಚಾರ್ಲ್ಸ್ ಎಡ್ವರ್ಡ್, ವಿಕ್ಟೋರಿಯಾಳ ಮೊಮ್ಮಗ. ಅವನ ಅಪ್ಪ ಹಿಮೋಫಿಲಿಯಾ ಅನ್ನೋ ರಕ್ತ ಹೆಪ್ಪುಗಟ್ಟದ ಕಾಯಿಲೆಯಿಂದ ನರಳಿ ಮಗ ಹುಟ್ಟುವ ಮೊದಲೇ ಸತ್ತಿದ್ದ. ಹುಡುಗ ಹುಟ್ಟಿದ್ದು, ಬೆಳೆದಿದ್ದು, ಓದಿದ್ದು ಇಂಗ್ಲೆಂಡಿನಲ್ಲಿ. ಕೊಬುರ್ಗ್‌ಗೆ ವಾರಸುದಾರ ಇಲ್ಲದೆ ಹೋದಾಗ ಈಟನ್ ಶಾಲೆಯಲ್ಲಿ ಓದುತ್ತಿದ್ದ ಈ ಹುಡುಗನನ್ನು ಕಳಿಸಿದರು. 1900ರಲ್ಲಿ, 16ನೇ ವಯಸ್ಸಿಗೆ, ಡ್ಯೂಕ್. 14 ವರ್ಷದ ಮೇಲೆ ಯುದ್ಧ ಬಂತು, ಅವನು ಜರ್ಮನಿಯ ಕಡೆ ನಿಂತ. ಇಂಗ್ಲೆಂಡ್ ಅವನನ್ನು ದ್ರೋಹಿ ಅಂದಿತು, 1919ರಲ್ಲಿ ಬ್ರಿಟಿಷ್ ಪದವಿಗಳನ್ನು ಕಿತ್ತುಕೊಂಡಿತು. ಜರ್ಮನಿಯಲ್ಲಿ ಅವನ ಪಟ್ಟವೂ 1918ರ ನವೆಂಬರಿನಲ್ಲೇ ಹೋಗಿತ್ತು. ಮುಂದೆ ಅವನು ನಾಜಿ ಪಕ್ಷ ಸೇರಿದ, ಜರ್ಮನ್ ರೆಡ್ ಕ್ರಾಸ್‌ನ ಅಧ್ಯಕ್ಷನಾಗಿ ಹಿಟ್ಲರ್ ಆಡಳಿತಕ್ಕೆ ಮುಖವಾಡವಾದ. ಹುಡುಗನಿಗೆ ಆದ ಅನ್ಯಾಯಕ್ಕೆ ಮರುಗಬಹುದು, ದೊಡ್ಡವನಾಗಿ ಮಾಡಿದ ಆಯ್ಕೆಗೆ ಅದು ಸಮರ್ಥನೆ ಆಗುವುದಿಲ್ಲ. 1954ರಲ್ಲಿ ಕೊಬುರ್ಗ್‌ನಲ್ಲಿ ಸತ್ತ.

ಹೆಸರು ಬದಲಿಸಿದ ಅದೇ ತಿಂಗಳು ಜಾರ್ಜ್ ಇನ್ನೊಂದು ಕೆಲಸ ಮಾಡಿದ, ಅದಕ್ಕೆ ಜಾಸ್ತಿ ಪ್ರಚಾರ ಸಿಗುವುದಿಲ್ಲ. ತನ್ನ ಮಕ್ಕಳು ಬ್ರಿಟಿಷ್ ಕುಟುಂಬಗಳಲ್ಲೇ ಮದುವೆಯಾಗಬಹುದು ಅಂದ. 1923ರಲ್ಲಿ ಅವನ ಎರಡನೇ ಮಗ ಎಲಿಜಬೆತ್ ಬೋಸ್-ಲಯನ್‌ಳನ್ನು ಮದುವೆಯಾದ, ಅವಳ ಮಗಳೇ ಎರಡನೇ ಎಲಿಜಬೆತ್. ಅತ್ತ ಜರ್ಮನಿಯಲ್ಲಿ ರಾಜರೆಲ್ಲ 1918ರಲ್ಲಿ ಮನೆಗೆ ಹೋದ ಮೇಲೆ ಸಂಬಂಧ ಕೊಡುವ ಆಳುವ ಮನೆಗಳೇ ಉಳಿಯಲಿಲ್ಲ. ಆಲ್ಮನಾಕ್ ದ ಗೋಥಾ 1944ಕ್ಕೆ ನಿಂತಿತು.

ಆದರೂ ಹಳೆಯ ಎಳೆಗಳು ಇನ್ನೂ ಇವೆ. ಬೆಲ್ಜಿಯಂನ ಈಗಿನ ರಾಜ ಫಿಲಿಪ್ ಆ ಕಿರಾಣಿ ಅಂಗಡಿ ಮಹಡಿಯ ಲಿಯೊಪೋಲ್ಡನ ನೇರ ವಂಶ. ಗ್ರೀಸ್‌ನಲ್ಲಿ ಆರು ಮತ ಪಡೆದು ರಾಜನಾದವನ ಮೊಮ್ಮಗ ಎಲಿಜಬೆತ್‌ಳ ಗಂಡ ಫಿಲಿಪ್, ಹಾಗಾಗಿ ಅವರ ಮಗ ಮೂರನೇ ಚಾರ್ಲ್ಸ್‌ಗೆ ಗ್ರೀಸ್‌ನ ಆ ಜಾರ್ಜ್ ಮುತ್ತಾತ. ಬಲ್ಗೇರಿಯಾದ ಫರ್ಡಿನೆಂಡನ ಮೊಮ್ಮಗ ಸಿಮಿಯೊನ್ ಆರು ವರ್ಷದ ಹುಡುಗನಾಗಿ 1943ರಲ್ಲಿ ಪಟ್ಟಕ್ಕೆ ಬಂದು, 1946ರಲ್ಲಿ ದೇಶ ಬಿಟ್ಟು, 2001ರಲ್ಲಿ ಚುನಾವಣೆ ಗೆದ್ದು ಅದೇ ದೇಶದ ಪ್ರಧಾನಿಯಾದ. ಮತ್ತೆ ಆ ಚಾರ್ಲ್ಸ್ ಎಡ್ವರ್ಡ್‌ನ ಮಗಳು ಸಿಬಿಲ್ಲಾ ಸ್ವೀಡನ್‌ನ ರಾಜಕುಮಾರನನ್ನು ಮದುವೆಯಾಗಿದ್ದಳು. ಅವಳ ಮಗ ಕಾರ್ಲ್ ಗುಸ್ತಾಫ್ 1973ರಿಂದ ಸ್ವೀಡನ್‌ನ ರಾಜ.